ಲಕ್ವ ಹೊಡೆದ ಅಪ್ಪನಿಗೆ ರೋಬಾಟ್ ಕಾಲು ಕಟ್ಟಿ ನಡೆಸುವ ಚಿಕಿತ್ಸೆ: ಅನುಭವ ಇದ್ದವರು ಹೇಳ್ತೀರಾ?

ತೀರ್ಥಹಳ್ಳಿ ಮಗಳು:

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ಲಕ್ವ ಹೊಡೆದು ಇವತ್ತಿಗೆ ಏಳು ವಾರ. ಬಲಗೈ, ಬಲಗಾಲು ಎರಡರಲ್ಲೂ ಸ್ವಾಧೀನ ಕಮ್ಮಿ. ಮಾತು ತೊದಲುತ್ತದೆ, ಆದರೆ ನಾವು ಹೇಳುವುದೆಲ್ಲ ಅರ್ಥವಾಗುತ್ತದೆ. ಹಿಡಿದುಕೊಂಡರೆ ಎದ್ದು ನಿಲ್ಲುತ್ತಾರೆ. ಹೆಜ್ಜೆ ಎತ್ತಿಡಲು ಹೋದರೆ ಮಂಡಿ ಕುಸಿಯುತ್ತದೆ.

ಬೆಂಗಳೂರಿನ ಚಿಕ್ಕಪ್ಪ ಒಂದು ವಿಡಿಯೊ ಕಳಿಸಿದರು. ರೋಗಿಯನ್ನು ಮೇಲಿನಿಂದ ಪಟ್ಟಿಯಲ್ಲಿ ತೂಗುಹಾಕಿ, ಎರಡೂ ಕಾಲಿಗೆ ಯಂತ್ರ ಕಟ್ಟಿ, ಟ್ರೆಡ್‌ಮಿಲ್ ಮೇಲೆ ನಡೆಸುವುದು. ಅಪ್ಪ ಅದನ್ನು ದಿನಕ್ಕೆ ಹತ್ತು ಸಲ ನೋಡುತ್ತಾರೆ. ಎಡಗೈಯಲ್ಲಿ ಫೋನ್ ಹಿಡಿದು ನನ್ನ ಕಡೆ ತಿರುಗಿಸಿ ತೋರಿಸುತ್ತಾರೆ. ಒಂದು ಆಸ್ಪತ್ರೆಗೆ ಫೋನ್ ಮಾಡಿದೆ. ಎಷ್ಟು ಸೆಷನ್‌ನ ಪ್ಯಾಕೇಜ್ ಬೇಕು ಅಂತ ಕೇಳಿದರು. ಅಪ್ಪನ ಕಾಲು ಹೇಗಿದೆ ಅಂತ ಕೇಳಲೇ ಇಲ್ಲ. ಅವರು ಹೇಳಿದ ದುಡ್ಡು ಕೇಳಿ ಈ ವರ್ಷದ ಅಡಿಕೆ ಪೂರ್ತಿ ಅಲ್ಲಿಗೇ ಆಯಿತು ಅನ್ನಿಸಿತು. ಅಮ್ಮ ಬಳೆ ಅಡವಿಡೋಣ ಅನ್ನುತ್ತಿದ್ದಾರೆ.

ಇದರಿಂದ ನಿಜವಾಗಿ ನಡೆಯಲು ಬರುತ್ತದಾ? ಅಥವಾ ಯಂತ್ರ ಬಿಚ್ಚಿದ ಮೇಲೆ ಮತ್ತೆ ಮೊದಲಿನ ಹಾಗೇನಾ? ದಯವಿಟ್ಟು ಗೊತ್ತಿದ್ದವರು ಹೇಳಿ.

ಹುಬ್ಬಳ್ಳಿ ಫಿಸಿಯೋ:

ತಂಗಿ, ಏಳು ವಾರ ಅಂದರೆ ಹೊತ್ತೇನೂ ಮೀರಿಲ್ಲ. ಮೊದಲು ಅಷ್ಟು ಸಮಾಧಾನ ಮಾಡಿಕೋ. ನಾನು 14 ವರ್ಷದಿಂದ ಸ್ಟ್ರೋಕ್ ಮತ್ತು ಬೆನ್ನುಹುರಿ ಪೆಟ್ಟಿನವರಿಗೆ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಮೂರು ವರ್ಷ ಈ ಯಂತ್ರ ಇದ್ದ ಕಡೆ ಕೆಲಸ ಮಾಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡ.

ಯಂತ್ರ ಕಾಲಿಗೆ ಶಕ್ತಿ ತುಂಬುವುದಿಲ್ಲ. ಹೆಜ್ಜೆಗಳ ಲೆಕ್ಕ ಹೆಚ್ಚಿಸುತ್ತದೆ, ಅಷ್ಟೇ. ಆದರೆ ಆ ಅಷ್ಟೇ ಅನ್ನುವುದು ಸಣ್ಣದಲ್ಲ. ಮೆದುಳಿನ ಒಂದು ಭಾಗಕ್ಕೆ ಪೆಟ್ಟಾದಾಗ ಉಳಿದ ಭಾಗ ಆ ಕೆಲಸವನ್ನು ಹೊಸದಾಗಿ ಕಲಿಯಬೇಕು. ಮಗು ನಡೆಯಲು ಕಲಿಯುವಾಗ ದಿನಕ್ಕೆ ಎಷ್ಟು ಸಲ ಬಿದ್ದು ಏಳುತ್ತದೆ ನೋಡಿ, ಹಾಗೆ. ಅಮೆರಿಕ, ಕೆನಡಾದ ಕೆಲವು ಕೇಂದ್ರಗಳಲ್ಲಿ ಕೂತು ಎಣಿಸಿದ್ದರು, 2009ರಲ್ಲಿ ಅದು ಪ್ರಕಟವಾಯಿತು. ನಡಿಗೆ ಕಲಿಸುವ ಒಂದು ಸೆಷನ್‌ನಲ್ಲಿ ಸ್ಟ್ರೋಕ್ ಆದವರು ಹಾಕಿದ್ದು ಸರಾಸರಿ 357 ಹೆಜ್ಜೆ. ನಿಮ್ಮ ಅಪ್ಪನ ಹಾಗೆ ಮಂಡಿ ಕುಸಿಯುವವರಾದರೆ ಇನ್ನೂ ಕಮ್ಮಿ. ಇಬ್ಬರು ಹಿಡಿದು, ಒಬ್ಬರು ಕೆಳಗೆ ಕೂತು ಪಾದ ಎತ್ತಿಟ್ಟರೆ, ಐವತ್ತು ಹೆಜ್ಜೆಗೆ ನಮ್ಮ ಸೊಂಟವೇ ಹಿಡಿದುಕೊಳ್ಳುತ್ತದೆ. ಯಂತ್ರ ಅರ್ಧ ಗಂಟೆಯಲ್ಲಿ ಸಾವಿರ ಹೆಜ್ಜೆ ಹಾಕಿಸುತ್ತದೆ. ಅದಕ್ಕೆ ಸೊಂಟ ನೋಯುವುದಿಲ್ಲ.

ಇನ್ನು ಫಲಿತಾಂಶದ ಮಾತು. ಕಾಕ್ರೇನ್ ಅಂತ ಒಂದು ಸಂಸ್ಥೆ ಇದೆ. ಒಂದು ವಿಷಯದ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗುತ್ತದೆ. ಸ್ಟ್ರೋಕ್ ನಂತರದ ಈ ನಡಿಗೆ ಯಂತ್ರಗಳ ಬಗ್ಗೆ 2020ರಲ್ಲಿ 62 ಪ್ರಯೋಗ, 2440 ಜನರ ಲೆಕ್ಕ ತೆಗೆದುಕೊಂಡು ನೋಡಿದೆ. ಫಿಸಿಯೋ ಜೊತೆಗೆ ಯಂತ್ರವನ್ನೂ ಬಳಸಿದರೆ, ಬರೀ ಫಿಸಿಯೋಗಿಂತ ಎಂಟು ಜನರಿಗೆ ಒಬ್ಬರಂತೆ ಹೆಚ್ಚುವರಿ ಜನ ಯಾರ ಆಸರೆಯೂ ಇಲ್ಲದೆ ನಡೆಯುವ ಮಟ್ಟಕ್ಕೆ ಬರುತ್ತಾರೆ. ಉಳಿದವರಲ್ಲಿ ಕೆಲವರು ಯಂತ್ರ ಇಲ್ಲದೆಯೂ ನಡೆಯುತ್ತಿದ್ದರು, ಕೆಲವರಿಗೆ ಯಂತ್ರ ಇದ್ದರೂ ಬರಲಿಲ್ಲ. ಯಾರಿಗೆ ಜಾಸ್ತಿ ಉಪಯೋಗ ಅನ್ನುವುದನ್ನೂ ಅದರಲ್ಲೇ ಹೇಳಿದ್ದಾರೆ. ಸ್ಟ್ರೋಕ್ ಆಗಿ ಮೂರು ತಿಂಗಳೊಳಗೆ ಇರುವವರಿಗೆ, ಮತ್ತು ಶುರುವಿನಲ್ಲಿ ನಡೆಯಲು ಆಗದವರಿಗೆ. ನಿಮ್ಮ ಅಪ್ಪ ಎರಡರಲ್ಲೂ ಬರುತ್ತಾರೆ.

ಹಾಗಾಗಿ ನಿಮ್ಮ ಅಪ್ಪನಿಗೆ ನಾನು ಬೇಡ ಅನ್ನುವುದಿಲ್ಲ. ಆದರೆ ‘ಫಿಸಿಯೋ ಜೊತೆಗೆ’ ಅನ್ನುವ ಮಾತನ್ನು ಮರೆಯಬೇಡಿ. ಯಂತ್ರಕ್ಕೆ ಕಟ್ಟಿ ಸ್ವಿಚ್ ಹಾಕಿ ಪಕ್ಕದ ರೋಗಿ ಹತ್ತಿರ ಹೋಗುವ ಕಡೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪಕ್ಕದಲ್ಲಿ ನಿಂತು ‘ಕಾಕಾ, ಈಗ ನೀವು ಎತ್ತಿರಿ’ ಅನ್ನುವವರು ಇರಬೇಕು.

ಬಳೆ ಮಾತ್ರ ಅಡವಿಡಬೇಡಿ ತಂಗಿ. ಅದಕ್ಕೂ ಮುಂಚೆ ನೋಡಬೇಕಾದ ದಾರಿ ಬೇರೆ ಇವೆ. ನಿಮ್ಹಾನ್ಸ್‌ನಲ್ಲಿ ನರರೋಗಿಗಳಿಗೆ ಅಂತಲೇ ಪುನಶ್ಚೇತನ ವಿಭಾಗ ಇದೆ. ಮೊದಲು ಅಲ್ಲಿ ಒಮ್ಮೆ ತೋರಿಸಿ.

ದಾವಣಗೆರೆಯಿಂದ ಸೋದರಳಿಯ:

ನಮ್ಮದು ಬೇರೆ ಅನುಭವ, ಬೇಜಾರಿನಿಂದಲೇ ಹೇಳುತ್ತಿದ್ದೇನೆ. ನಮ್ಮ ಮಾವನಿಗೆ ಸ್ಟ್ರೋಕ್ ಆಗಿ ಎರಡು ವರ್ಷ ಆದ ಮೇಲೆ 20 ಸೆಷನ್ ಮಾಡಿಸಿದೆವು. ಅಷ್ಟೊತ್ತಿಗೆ ಕೋಲು ಹಿಡಿದು ನಡೆಯುತ್ತಿದ್ದರು. ಕಾಲು ಎಳೆದು ಹಾಕುವುದು ಸರಿಹೋಗಲಿ ಅಂತ ಆಸೆ. ಯಂತ್ರದಲ್ಲಿ ರಾಜನ ಹಾಗೆ ನಡೆದರು. ಇಳಿದ ಮೇಲೆ ಅದೇ ಕೋಲು, ಅದೇ ಎಳೆತ. ದುಡ್ಡು ಹೋದದ್ದಕ್ಕಿಂತ ಅವರ ಮುಖ ನೋಡುವುದೇ ಕಷ್ಟವಾಯಿತು. ಅದಾದ ಮೇಲೆ ಆರು ತಿಂಗಳು ಫಿಸಿಯೋ ಬೇಡ ಅಂದುಬಿಟ್ಟರು.

ಹುಬ್ಬಳ್ಳಿ ಫಿಸಿಯೋ:

ನಿಮ್ಮ ಮಾವನಿಗೆ ಆದದ್ದು ಆಶ್ಚರ್ಯವಲ್ಲ ಸರ್. ತಪ್ಪು ಅವರದ್ದೂ ಅಲ್ಲ, ನಿಮ್ಮದೂ ಅಲ್ಲ. ಅಮೆರಿಕದಲ್ಲಿ 2008, 2009ರಲ್ಲಿ ಎರಡು ಪ್ರಯೋಗ ನಡೆದವು. ಸ್ಟ್ರೋಕ್ ಆಗಿ, ಸ್ವಲ್ಪ ಮಟ್ಟಿಗೆ ಆಗಲೇ ನಡೆಯುತ್ತಿದ್ದವರನ್ನೇ ತೆಗೆದುಕೊಂಡಿದ್ದರು. ಒಂದು ಗುಂಪಿಗೆ ಲೋಕೋಮ್ಯಾಟ್ ಯಂತ್ರ, ಇನ್ನೊಂದಕ್ಕೆ ಥೆರಪಿಸ್ಟ್ ಕೈಯಾರೆ ಅಭ್ಯಾಸ. ನಡಿಗೆಯ ವೇಗ ಜಾಸ್ತಿ ಸುಧಾರಿಸಿದ್ದು ಕೈಯಾರೆ ಮಾಡಿಸಿದವರಲ್ಲೇ.

ಕಾರಣ ಹೇಳುತ್ತೇನೆ. ಲೋಕೋಮ್ಯಾಟ್ ಅಂದರೆ ಈ ತಂಗಿ ವಿಡಿಯೊದಲ್ಲಿ ನೋಡಿದಂಥದ್ದು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಹುಟ್ಟಿದ ಯಂತ್ರ. ಮೊದಮೊದಲಿನವು ಒಂದೇ ದಾರಿಯಲ್ಲಿ ಕಾಲನ್ನು ತಿರುಗಿಸುತ್ತಿದ್ದವು, ಗಾಣದ ಎತ್ತಿನ ಹಾಗೆ. ಕಾಲು ತಾನಾಗಿ ಹೋಗುತ್ತಿದ್ದರೆ ಮೆದುಳು ಯಾಕೆ ಕಷ್ಟಪಡಬೇಕು? ಸುಮ್ನೆ ಕೂತುಬಿಡುತ್ತದೆ. ನಡೆಯಲು ಆಗದವರಿಗೆ ಆ ಆಸರೆ ಬೇಕು. ನಡೆಯುತ್ತಿದ್ದವರಿಗೆ ಬೇಕಾದದ್ದು ಕಾಲಿನ ಮೇಲೆ ಮೈಭಾರ ಹಾಕುವುದು, ತಿರುಗುವುದು, ಮೆಟ್ಟಿಲು ಹತ್ತುವುದು, ತಪ್ಪಿ ಸರಿಮಾಡಿಕೊಳ್ಳುವುದು. ಈಗಿನ ಯಂತ್ರಗಳಲ್ಲಿ ಆಸರೆ ಎಷ್ಟು ಬೇಕೋ ಅಷ್ಟಕ್ಕೆ ಇಳಿಸಬಹುದು. ಆದರೆ ಇಳಿಸುವವರು ಬೇಕಲ್ಲ.

ತೀರ್ಥಹಳ್ಳಿ ತಂಗಿ, ಇದನ್ನು ನೀವು ಅಲ್ಲಿ ಕೇಳಿ: ‘ವಾರ ವಾರಕ್ಕೆ ಯಂತ್ರದ ಆಸರೆ ಎಷ್ಟು ಕಮ್ಮಿ ಮಾಡುತ್ತೀರಿ?’ ಉತ್ತರ ತಡವರಿಸಿದರೆ ಎದ್ದು ಬನ್ನಿ.

ಗಾಲಿಕುರ್ಚಿ ಗೆಳೆಯ, ಮಂಡ್ಯ:

ನನ್ನದು ಸ್ಟ್ರೋಕ್ ಅಲ್ಲ, ಬೆನ್ನುಹುರಿ. ಡಿ10, ಅಂದರೆ ಎದೆಭಾಗದ ಹತ್ತನೇ ಕಶೇರುಕದ ಮಟ್ಟದಲ್ಲಿ ಪೆಟ್ಟು. ತೆಂಗಿನ ಮರದಿಂದ ಬಿದ್ದು ಒಂಬತ್ತು ವರ್ಷ. ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಬೆಂಗಳೂರಿನಲ್ಲಿ ಒಂದು ಕಡೆ 18 ಸೆಷನ್ ಎಕ್ಸೋಸ್ಕೆಲಿಟನ್ (ಮೈಮೇಲೆ ತೊಡುವ ಯಂತ್ರ) ಹಾಕಿಕೊಂಡು ನಡೆದಿದ್ದೇನೆ. ಟ್ರೆಡ್‌ಮಿಲ್ ಅಲ್ಲ, ನೆಲದ ಮೇಲೆ ನಡೆಯುವ ಬಗೆ. ಬೆನ್ನಿಗೆ ಬ್ಯಾಟರಿ, ಸೊಂಟಕ್ಕೂ ಮಂಡಿಗೂ ಮೋಟಾರು, ಎರಡೂ ಕೈಯಲ್ಲಿ ಊರುಗೋಲು. ಮುಂದಕ್ಕೆ ವಾಲಿದರೆ ಒಂದು ಕಾಲು ಮುಂದೆ ಹೋಗುತ್ತದೆ.

ಅದಕ್ಕೂ ಮುಂಚೆ ಏನೇನು ನೋಡಿದರು ಅನ್ನುವುದನ್ನು ಹೇಳುತ್ತೇನೆ, ಬಹಳ ಜನಕ್ಕೆ ಇದು ಗೊತ್ತಿಲ್ಲ. ಮೂಳೆಯ ಸಾಂದ್ರತೆ ಸ್ಕ್ಯಾನ್ ಮಾಡಿಸಿದರು. ವರ್ಷಗಟ್ಟಲೆ ತೂಕ ಬೀಳದ ಕಾಲಿನ ಮೂಳೆ ಟೊಳ್ಳಾಗಿರುತ್ತದೆ, ಯಂತ್ರ ನಡೆಸುವಾಗಲೇ ಮುರಿಯಬಹುದು. ಸೊಂಟ, ಮಂಡಿ, ಪಾದದ ಗಂಟು ನೇರವಾಗುತ್ತವಾ ಅಂತ ನೋಡಿದರು. ಮೈಮೇಲೆ ಒತ್ತಡದ ಹುಣ್ಣು ಇದೆಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆಯಾ, ನಿಂತಾಗ ಬಿಪಿ ಇಳಿಯುತ್ತದಾ, ಎಲ್ಲ. ಎತ್ತರ ತೂಕವೂ ಸೇರಬೇಕು. ಸುಮಾರು 100 ಕಿಲೋ ದಾಟಿದರೆ ಹೆಚ್ಚಿನ ಯಂತ್ರ ಆಗುವುದಿಲ್ಲ. ನನ್ನ ಜೊತೆ ಬಂದಿದ್ದ ಒಬ್ಬ ಹುಡುಗನ ಪಾದ ಗಟ್ಟಿಯಾಗಿ ಕೆಳಗೆ ತಿರುಗಿತ್ತು. ಮೊದಲ ವರ್ಷ ಮನೆಯಲ್ಲಿ ಯಾರೂ ಕಾಲು ಮಡಚಿ ಬಿಡಿಸಿರಲಿಲ್ಲ. ಅವನನ್ನು ವಾಪಸ್ ಕಳಿಸಿದರು. ಬಸ್‌ಸ್ಟ್ಯಾಂಡ್ ತನಕ ಅವನು ಒಂದು ಮಾತೂ ಆಡಲಿಲ್ಲ. ಅದಕ್ಕೇ ಹೇಳುವುದು, ರೋಬಾಟ್ ಆಮೇಲೆ. ಇವತ್ತು ಕಾಲು ಮಡಚಿ ಬಿಡಿಸಿ.

ನನಗೆ ಸಿಕ್ಕಿದ್ದು ಏನು? ರಾತ್ರಿ ಕಾಲು ಸೆಟೆದು ಹೊಡೆದುಕೊಳ್ಳುವುದು ಕಮ್ಮಿಯಾಯಿತು. ಮೋಷನ್ ಹೊತ್ತಿಗೆ ಸರಿಯಾಗಿ ಆಗತೊಡಗಿತು. ಬೆನ್ನುಹುರಿಯವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬೆನ್ನುಹುರಿಯವರಿಗೇ ಗೊತ್ತು. ಸೆಷನ್ ನಿಂತ ಎರಡು ತಿಂಗಳಿಗೆ ಎರಡೂ ಮೊದಲಿನ ಹಾಗಾದವು. ನಡಿಗೆ ಬರಲಿಲ್ಲ. ಬರುವುದಿಲ್ಲ ಅಂತ ಅವರು ಮೊದಲೇ ಹೇಳಿದ್ದರು. ಹಾಗೆ ನೇರವಾಗಿ ಹೇಳಿದ್ದಕ್ಕೆ ನಾನು ಇವತ್ತಿಗೂ ಋಣಿ.

ವೇಗದ ಬಗ್ಗೆಯೂ ತಿಳಿದಿರಲಿ. ಬೆನ್ನುಹುರಿ ಪೆಟ್ಟಿನವರು ಇದನ್ನು ತೊಟ್ಟು ನಡೆದ ವೇಗವನ್ನು 2015ರಲ್ಲಿ ಒಟ್ಟು ಹಾಕಿ ನೋಡಿದಾಗ ಸೆಕೆಂಡಿಗೆ ಸರಾಸರಿ 26 ಸೆಂಟಿಮೀಟರ್ ಬಂದಿತ್ತು. ರಸ್ತೆ ದಾಟಲು ಅದರ ನಾಲ್ಕು ಪಟ್ಟು ಬೇಕು. ನನ್ನ ಹಾಗೇ ಬೆನ್ನುಹುರಿ ಪೆಟ್ಟಾದ ಇಂಗ್ಲೆಂಡಿನ ಕ್ಲೇರ್ ಲೋಮಸ್ 2012ರಲ್ಲಿ ರೀವಾಕ್ ಅನ್ನುವ ಇಂಥದ್ದೇ ಯಂತ್ರ ತೊಟ್ಟು ಲಂಡನ್ ಮ್ಯಾರಥಾನ್ ಮುಗಿಸಿದರು, ಎರಡು ವಾರಕ್ಕೂ ಹೆಚ್ಚು ದಿನ ಹಿಡಿಯಿತು. ಆ ಛಲಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ನನಗೆ ಬೆಳಿಗ್ಗೆ ಡೈರಿಗೆ ಹಾಲು ತಲುಪಿಸಬೇಕು. ಅದಕ್ಕೆ ಗಾಲಿಕುರ್ಚಿಯೇ ಸರಿ, ಇಳಿಜಾರಿನ ರ‍್ಯಾಂಪ್ ಇದ್ದರೆ.

ಆ ರೀವಾಕ್ ಕಂಡುಹಿಡಿದ ಇಸ್ರೇಲಿನ ಅಮಿತ್ ಗೋಫರ್ ಕೂಡ ನಮ್ಮವರೇ. 1997ರ ಅಪಘಾತದಲ್ಲಿ ನಾಲ್ಕೂ ಕೈಕಾಲಿನ ಸ್ವಾಧೀನ ಹೋಯಿತು. ಊರುಗೋಲು ಹಿಡಿಯಲು ಕೈ ಬೇಕಲ್ಲ, ಹಾಗಾಗಿ ತಾವು ಮಾಡಿದ ಯಂತ್ರವನ್ನು ತಾವೇ ತೊಡಲು ಆಗಲಿಲ್ಲ. ಆಮೇಲೆ ನಿಲ್ಲಿಸಿಕೊಂಡು ಓಡಾಡಿಸುವ ಬೇರೆ ಗಾಲಿಕುರ್ಚಿ ಮಾಡಿ ಅದರಲ್ಲಿ ನಿಂತರು.

ತ್ಸುಕುಬಾದಿಂದ ಕನ್ನಡಿಗ:

ನಾನು ಜಪಾನಿನ ತ್ಸುಕುಬಾದಲ್ಲಿ ಓದುತ್ತಿದ್ದೇನೆ, ಮೂಲ ಹಾಸನ. ಈ ಊರಿನಲ್ಲೇ ಪ್ರೊಫೆಸರ್ ಯೋಶಿಯುಕಿ ಸಂಕಾಯಿ ‘ಹ್ಯಾಲ್’ ಅನ್ನುವ ಯಂತ್ರ ಮಾಡಿದ್ದು. ಹುಬ್ಬಳ್ಳಿ ಅಕ್ಕ ಹೇಳಿದ ‘ಮೆದುಳು ಸುಮ್ನೆ ಕೂತುಬಿಡುತ್ತದೆ’ ಅನ್ನುವ ಮಾತಿಗೆ ಇದರಲ್ಲಿ ಒಂದು ಉತ್ತರ ಇದೆ.

ಕಾಲು ಎತ್ತಬೇಕು ಅಂದುಕೊಂಡ ಕೂಡಲೇ ಮೆದುಳಿನಿಂದ ಸ್ನಾಯುವಿಗೆ ಸಣ್ಣ ವಿದ್ಯುತ್ ಸಂಕೇತ ಹೋಗುತ್ತದೆ. ಕಾಲು ಅಲುಗಾಡದಿದ್ದರೂ ಆ ಸಂಕೇತದ ಚೂರು ಚರ್ಮದ ಮೇಲೆ ಸಿಗುತ್ತದೆ. ಇಸಿಜಿಗೆ ಅಂಟಿಸುವಂಥ ಪಟ್ಟಿ ತೊಡೆಯ ಮೇಲೆ ಅಂಟಿಸಿ ಅದನ್ನು ಹಿಡಿಯುತ್ತಾರೆ. ಸಂಕೇತ ಬಂದರೆ ಮಾತ್ರ ಮೋಟಾರು ತಿರುಗುತ್ತದೆ. ಅಂದರೆ ರೋಗಿ ಪ್ರಯತ್ನ ಪಡಲೇಬೇಕು. ಪ್ರಯತ್ನ ಪಟ್ಟಾಗ ಕಾಲು ನಿಜವಾಗಿ ಎದ್ದದ್ದನ್ನು ಮೆದುಳು ತಿಳಿಯುತ್ತದೆ. ಸಂಕೇತವೇ ಇಲ್ಲದವರಿಗೆ, ಮಂಡ್ಯದ ಅಣ್ಣನ ಹಾಗೆ ಪೂರ್ತಿ ಪೆಟ್ಟಾದವರಿಗೆ, ಈ ಬಗೆ ಅಷ್ಟಾಗಿ ಹೊಂದುವುದಿಲ್ಲ.

ಇಲ್ಲಿ 2016ರಿಂದ ಸರ್ಕಾರಿ ಆರೋಗ್ಯ ವಿಮೆಯೇ ಇದರ ಖರ್ಚು ಕೊಡುತ್ತದೆ. ಆದರೆ ಸ್ನಾಯು ನಿಧಾನಕ್ಕೆ ಕ್ಷೀಣಿಸುವ ಎಂಟು ಕಾಯಿಲೆಗಳಿಗೆ ಅಂತ ಶುರುವಾಯಿತು. ಸ್ಟ್ರೋಕ್ ಆ ಎಂಟರಲ್ಲಿ ಇರಲಿಲ್ಲ.

ಅಮ್ಮನ ಜೊತೆ ನಾನು:

ನಮ್ಮ ಅಮ್ಮನಿಗೆ ಪಾರ್ಕಿನ್ಸನ್ಸ್. ಬಾಗಿಲ ಹೊಸ್ತಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಅವರಿಗೆ ಈ ಯಂತ್ರ ಆಗುತ್ತದಾ?

ಹುಬ್ಬಳ್ಳಿ ಫಿಸಿಯೋ:

ಅವರ ಕಾಲಿನಲ್ಲಿ ಶಕ್ತಿ ಇದೆ, ಶುರು ಮಾಡುವ ಅಪ್ಪಣೆ ತಡವಾಗುತ್ತಿದೆ. ಅದಕ್ಕೆ ಇಂಥ ಭಾರದ ಯಂತ್ರ ಬೇಡ. ಹೊಸ್ತಿಲ ಮುಂದೆ ನೆಲಕ್ಕೆ ಬಣ್ಣದ ಟೇಪು ಅಡ್ಡಡ್ಡ ಅಂಟಿಸಿ, ಒಂದು ಹೆಜ್ಜೆಗೆ ಒಂದು. ಅದನ್ನು ದಾಟಿ ಅನ್ನಿ. ಇಲ್ಲವೇ ತಾಳ ಹಾಕಿ, ‘ಒಂದು, ಎರಡು’ ಅಂತ ಎಣಿಸಿ. ಬಹಳ ಜನಕ್ಕೆ ತಕ್ಷಣ ಕಾಲು ಏಳುತ್ತದೆ. ಹಾರ್ವರ್ಡ್ ಮತ್ತು ಬೋಸ್ಟನ್ ವಿಶ್ವವಿದ್ಯಾಲಯದವರು ಬಟ್ಟೆಯಂಥ ಮೆತ್ತನೆಯ ಉಡುಪಿನಿಂದ ಸೊಂಟಕ್ಕೆ ಸಣ್ಣ ಎಳೆತ ಕೊಟ್ಟು, 73 ವರ್ಷದ ಒಬ್ಬರಲ್ಲಿ ಈ ಅಂಟಿಕೊಳ್ಳುವುದನ್ನು ಮನೆಯೊಳಗಿನ ನಡಿಗೆಯಲ್ಲಿ ಇಲ್ಲವಾಗಿಸಿದ್ದನ್ನು 2024ರಲ್ಲಿ ಬರೆದಿದ್ದಾರೆ. ಓದಿ ನನಗೆ ಬಹಳ ಖುಷಿಯಾಯಿತು. ಆದರೆ ಅದು ಒಬ್ಬರೇ ಒಬ್ಬರ ಮೇಲೆ ಮಾಡಿದ್ದು.

ಅಮ್ಮನ ಜೊತೆ ನಾನು:

ಟೇಪು ಅಂಟಿಸಿದೆ ಅಕ್ಕ. ಎರಡನೇ ಸಲಕ್ಕೇ ದಾಟಿದರು! ಕೈ ನಡುಗುತ್ತಿದೆ ಟೈಪ್ ಮಾಡಲು.

ಕೋಲಾರ ಸುಬ್ಬಣ್ಣ:

ಒಂದನ್ನು ಕೊಂಡು ಮನೆಯಲ್ಲೇ ಇಟ್ಟುಕೊಂಡರೆ ಆಗದಾ? ಮಗ ಅಮೆರಿಕದಲ್ಲಿ ಇದ್ದಾನೆ, ತರುತ್ತೇನೆ ಅನ್ನುತ್ತಿದ್ದಾನೆ.

ತ್ಸುಕುಬಾದಿಂದ ಕನ್ನಡಿಗ:

ಸರ್, ಮೊದಲು ಬೆಲೆ ಕೇಳಿ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2024ರಲ್ಲಿ ಮನೆಯಲ್ಲಿ ಬಳಸುವ ರೀವಾಕ್‌ಗೆ ಕೊಡಲು ಒಪ್ಪಿದ ಮೊತ್ತ ಸುಮಾರು 91,000 ಡಾಲರ್. ಅದೂ ಬೆನ್ನುಹುರಿ ಪೆಟ್ಟಿನವರಿಗೆ ಅಂತ ಮಾಡಿದ್ದು. ಇನ್ನೊಂದು ವಿಷಯ ರಿಪೇರಿ. ಅದೇ ವರ್ಷ ಅಲ್ಲಿನ ಕುದುರೆ ರೇಸಿನ ಒಬ್ಬ ಮಾಜಿ ಜಾಕಿಯ ಯಂತ್ರ ನಿಂತುಹೋಯಿತು. ಕೈಗಡಿಯಾರದಂಥ ರಿಮೋಟಿನ ಬ್ಯಾಟರಿ ವೈರ್ ಕಿತ್ತುಬಂದದ್ದು ಅಷ್ಟೇ ಕಾರಣ. ಐದು ವರ್ಷ ದಾಟಿದ ಯಂತ್ರ ರಿಪೇರಿ ಮಾಡುವುದಿಲ್ಲ ಅಂತ ತಯಾರಕರು ಹೇಳಿದರು. ಸುದ್ದಿಯಾಗಿ ಗಲಾಟೆಯಾದ ಮೇಲೆ ಸರಿಮಾಡಿಕೊಟ್ಟರು. ಅಮೆರಿಕದಲ್ಲೇ ಹೀಗಾದರೆ ಕೋಲಾರದಲ್ಲಿ ಯಾರನ್ನು ಹುಡುಕುತ್ತೀರಿ?

ನಮ್ಮ ಪಕ್ಕದಲ್ಲೇ ಒಂದು ಒಳ್ಳೆಯ ಕೆಲಸ ಆಗಿದೆ. ಮ್ಯಾನ್‌ಹೋಲ್ ಸ್ವಚ್ಛ ಮಾಡುವ ಬ್ಯಾಂಡಿಕೂಟ್ ರೋಬಾಟ್ ಮಾಡಿದ ಕೇರಳದ ಜೆನ್‌ರೋಬೋಟಿಕ್ಸ್ ಹುಡುಗರೇ ‘ಜಿ-ಗೈಟರ್’ ಅನ್ನುವ ನಡಿಗೆ ಯಂತ್ರ ಮಾಡಿದ್ದಾರೆ. ತಿರುವನಂತಪುರದ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಅದನ್ನು ಇಟ್ಟಿದ್ದಾರೆ. ಯಂತ್ರ ಒಬ್ಬರ ಮನೆಯಲ್ಲಿ ಇರುವ ಬದಲು ಹೀಗೆ ಜಿಲ್ಲಾ ಆಸ್ಪತ್ರೆಯಲ್ಲಿ ಇದ್ದರೆ ಎಷ್ಟು ಜನ ಬಳಸಬಹುದು ಅಲ್ವಾ? ನಮ್ಮ ರಾಜ್ಯದಲ್ಲೂ ಕೇಳೋಣ.

ತೀರ್ಥಹಳ್ಳಿ ಮಗಳು:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಮುಂದಿನ ವಾರ ಬೆಂಗಳೂರಿಗೆ ಹೊರಟಿದ್ದೇವೆ. ಹುಬ್ಬಳ್ಳಿ ಅಕ್ಕ, ಒಂದು ಭಯ ಇದೆ. ದುಡ್ಡು ಸಾಲದೆ ಅರ್ಧಕ್ಕೆ ವಾಪಸ್ ಬಂದರೆ ಅಪ್ಪನ ಅವಕಾಶ ಕೈತಪ್ಪಿತು ಅಂತ ಆಗುತ್ತದಾ?

ಹುಬ್ಬಳ್ಳಿ ಫಿಸಿಯೋ:

ಆಗುವುದಿಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಅಮ್ಮನಿಗೂ ಓದಿ ಹೇಳಿ. ಅಮೆರಿಕದಲ್ಲಿ 408 ಸ್ಟ್ರೋಕ್ ರೋಗಿಗಳ ಮೇಲೆ ಒಂದು ದೊಡ್ಡ ಪ್ರಯೋಗ ನಡೆದು 2011ರಲ್ಲಿ ಫಲಿತಾಂಶ ಬಂತು. ಕೆಲವರಿಗೆ ಪಟ್ಟಿಯಲ್ಲಿ ತೂಗುಹಾಕಿ ಟ್ರೆಡ್‌ಮಿಲ್ ನಡಿಗೆ. ಕೆಲವರಿಗೆ ಫಿಸಿಯೋ ಮನೆಗೇ ಬಂದು ಬಲದ ವ್ಯಾಯಾಮ, ತೂಕ ಸಮತೋಲನದ ವ್ಯಾಯಾಮ. ಅದರಲ್ಲಿ ರೋಬಾಟ್ ಇರಲಿಲ್ಲ, ನಿಜ. ಆದರೆ ಒಂದು ವರ್ಷಕ್ಕೆ ನೋಡಿದಾಗ 52% ಜನರ ನಡಿಗೆ ಸುಧಾರಿಸಿತ್ತು, ಮತ್ತು ಟ್ರೆಡ್‌ಮಿಲ್ ಗುಂಪಿಗೂ ಮನೆಯ ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಮನೆಯ ಗುಂಪಿನವರು ಮಾಡಿದ್ದು ಸುಮ್ನೆ ಕೈಕಾಲು ಆಡಿಸುವುದಲ್ಲ. ಒಂದೂವರೆ ಗಂಟೆಯ 36 ಸೆಷನ್, ಮೂರು ನಾಲ್ಕು ತಿಂಗಳು, ಬಿಡದೆ.

ಹಾಗಾಗಿ ಮೊದಲೇ ಲೆಕ್ಕ ಹಾಕಿ. ಕೈಯಲ್ಲಿರುವ ದುಡ್ಡಿನಲ್ಲಿ ಅರ್ಧ ಬೆಂಗಳೂರಿಗೆ, ಅರ್ಧ ವಾಪಸ್ ಬಂದ ಮೇಲೆ ಮನೆಗೆ ಬರುವ ಫಿಸಿಯೋಗೆ. ಪೂರ್ತಿ ಯಂತ್ರಕ್ಕೆ ಹಾಕಿ ಮನೆಗೆ ಬಂದು ಮಂಚ ಹಿಡಿದವರನ್ನು ನೋಡಿದ್ದೇನೆ. ಪಾದ ಜೋತುಬೀಳುತ್ತಿದ್ದರೆ ಪಾದದ ಗಂಟಿಗೆ ಹಾಕುವ ಸ್ಪ್ಲಿಂಟ್ (ಪಾದ ಎತ್ತಿಹಿಡಿಯುವ ಆಧಾರ) ಅಳತೆ ಕೊಟ್ಟು ಮಾಡಿಸಿ. ಬಲಭುಜ ಎಳೆಯಬೇಡಿ ಅಂತ ಎತ್ತುವವರಿಗೆಲ್ಲ ಹೇಳಿ.

ತೀರ್ಥಹಳ್ಳಿ ಮಗಳು:

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು. ಮೊದಲು ಫೋನ್ ಮಾಡಿದ ಆಸ್ಪತ್ರೆಗೆ ಹೋಗಲಿಲ್ಲ. ಇನ್ನೊಂದು ಕಡೆ ಡಾಕ್ಟರು ಒಂದು ಗಂಟೆ ಕೂತು ಅಪ್ಪನ ಕಾಲು, ಬಿಪಿ, ಮಂಡಿ ಎಲ್ಲ ನೋಡಿದರು. 15 ಸೆಷನ್ ಯಂತ್ರ, ಅದೇ ದಿನ ನೆಲದ ಮೇಲೆ ಕೈಯಾರೆ ಅಭ್ಯಾಸ. ನಾನು ‘ಆಸರೆ ಎಷ್ಟು ಕಮ್ಮಿ ಮಾಡುತ್ತೀರಿ’ ಅಂತ ಕೇಳಿದಾಗ ಅಲ್ಲಿನ ಹುಡುಗಿ ಸ್ಕ್ರೀನ್ ತಿರುಗಿಸಿ ತೋರಿಸಿದಳು. ಮೊದಲ ವಾರ ಯಂತ್ರವೇ ಪೂರ್ತಿ ಎತ್ತುತ್ತಿತ್ತು. ಮೂರನೇ ವಾರ ಅಪ್ಪನ ಹಣೆಯಲ್ಲಿ ಬೆವರು ಹರಿಯುತ್ತಿತ್ತು, ಅಂದರೆ ಅವರೇ ಎತ್ತುತ್ತಿದ್ದರು. ಅಮ್ಮನ ಬಳೆ ಕೈಯಲ್ಲೇ ಇದೆ.

ಈಗ ಮನೆಯಲ್ಲಿದ್ದೇವೆ. ವಾರಕ್ಕೆ ನಾಲ್ಕು ದಿನ ಫಿಸಿಯೋ ಬರುತ್ತಾರೆ. ಒಬ್ಬರು ಪಕ್ಕದಲ್ಲಿ ಇದ್ದರೆ ವಾಕರ್ ಹಿಡಿದು ಜಗುಲಿಯ ಈ ತುದಿಯಿಂದ ಆ ತುದಿಗೆ ಹೋಗುತ್ತಾರೆ. ಮಂಡಿ ದಿನಕ್ಕೆ ಒಂದೆರಡು ಸಲ ಕುಸಿಯುತ್ತದೆ, ಹಿಡಿದುಕೊಳ್ಳುತ್ತೇವೆ. ಬಲಗೈ ಇನ್ನೂ ಬಂದಿಲ್ಲ. ವಿಡಿಯೊ ನೋಡುವುದು ಬಿಟ್ಟಿದ್ದಾರೆ. ಈಗ ಒಂದು ನೋಟ್‌ಬುಕ್ಕಿನಲ್ಲಿ ಎಡಗೈಯಿಂದ ದಿನದ ಹೆಜ್ಜೆ ಬರೆಯುತ್ತಾರೆ. ನಿನ್ನೆಯದು 412.

ಅಂಗಳದಲ್ಲಿ ಅಪ್ಪ ಹಿಡಿದು ನಡೆಯಲು ಎರಡು ಕಡೆ ಪೈಪು ಹಾಕಿಸೋಣ ಅಂತ ವೆಲ್ಡಿಂಗ್ ಶಾಪಿನವರಿಗೆ ಹೇಳಿದ್ದೇನೆ. ಎಷ್ಟು ಎತ್ತರ ಇಡಲಿ ಅಕ್ಕ?

ಹುಬ್ಬಳ್ಳಿ ಫಿಸಿಯೋ:

412! ಅಪ್ಪನಿಗೆ ನನ್ನ ನಮಸ್ಕಾರ ಹೇಳು ತಂಗಿ.

ಅಪ್ಪನನ್ನು ಚಪ್ಪಲಿ, ಸ್ಪ್ಲಿಂಟ್ ಹಾಕಿಸಿ ನೇರ ನಿಲ್ಲಿಸು. ಕೈ ಕೆಳಗೆ ಬಿಟ್ಟಾಗ ಮಣಿಕಟ್ಟು ಎಲ್ಲಿ ಬರುತ್ತದೋ ಅಲ್ಲಿಗೆ ಪೈಪಿನ ಮೇಲ್ಭಾಗ ಬರಲಿ. ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಎರಡು ಪೈಪಿನ ನಡುವೆ ಸೊಂಟದ ಎರಡೂ ಕಡೆ ನಾಲ್ಕು ಬೆರಳು ಜಾಗ ಬಿಡು. ಉದ್ದ ಹತ್ತು ಅಡಿ ಸಾಕು. ಪೈಪು ನಿಲ್ಲಿಸುವ ಕಂಬಗಳನ್ನು ಕಾಂಕ್ರೀಟಿನಲ್ಲಿ ಹೂಳಿಸು, ಮಳೆಗಾಲದಲ್ಲಿ ನಿಮ್ಮ ಕಡೆ ಮಣ್ಣು ಸಡಿಲವಾಗುತ್ತದೆ. ನೆಲಕ್ಕೆ ಪಾಚಿ ಕಟ್ಟದ ಹಾಗೆ ಮೇಲೆ ಒಂದು ಶೀಟು ಹಾಕಿಸು.